ಹಿಂದೆ ಕೂರುವವರು ಯಾರು?

"ಅಲ್ಲೇ ನಿಲ್ಲಿ! ಕಾಲು ಎತ್ತಬೇಡಿ!"

ಅವಳು ಕೂಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅವನ ಬೂಟಿನ ಕೆಳಗೆ ಏನೋ ಕರಕ್ ಎಂದಿತು.

ಅವನು ನಿಧಾನವಾಗಿ ಕಾಲೆತ್ತಿ ನೋಡಿದ. ಒಂದು ಕನ್ನಡಕ. ಅಂದರೆ, ಅರೆಕ್ಷಣದ ಹಿಂದಿನವರೆಗೂ ಅದು ಕನ್ನಡಕವಾಗಿತ್ತು.

ಕಲ್ಲುಕ್ವಾರಿಯ ತಿರುವಿನಲ್ಲಿ, ಜಲ್ಲಿಯ ಮೇಲೆ, ಅವಳು ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಹಳೆಯ ಸ್ಕೂಟರ್ ಮಗ್ಗುಲಾಗಿ ಬಿದ್ದಿತ್ತು. ಪೆಟ್ಟಿಗೆಯಿಂದ ಚೆಲ್ಲಿದ ಕನ್ನಡಕಗಳು ರಸ್ತೆ ತುಂಬ ಹರಡಿದ್ದವು. ದೂರದಿಂದ ನೋಡಿ, ತನ್ನ ಗಾಡಿ ನಿಲ್ಲಿಸಿ, ಓಡೋಡಿ ಸಹಾಯಕ್ಕೆ ಬಂದವನು ಮಾಡಿದ ಸಹಾಯ ಇದು.

"ಇಷ್ಟೆಲ್ಲದರಲ್ಲಿ ಅದೊಂದೇ ಒಡೆಯದೆ ಉಳಿದಿತ್ತು..." ಎಂದಳು ಅವಳು. ಕೈ ನೋವಿಗೆ ಬಾರದ ಅಳು ಈಗ ಬಂತು.

ಅವಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೆಸರಿಗಷ್ಟೇ ಅಂಗಡಿ, ಅವಳ ಕೆಲಸವೆಲ್ಲ ಹೊರಗೆ. ಒಂದು ವಾರ ಹಳ್ಳಿಗಳಿಗೆ ಹೋಗಿ ಜನರ ಕಣ್ಣು ಪರೀಕ್ಷೆ ಮಾಡುವುದು, ಇನ್ನೊಂದು ಸುತ್ತಿನಲ್ಲಿ ಅವರವರ ಕನ್ನಡಕ ತಲುಪಿಸುವುದು. ಕ್ವಾರಿಯ ಆಚೆಯ ಊರು ಅವಳ ಸುತ್ತಿನ ಕೊನೆಯ ಊರು. ಕಲ್ಲು ಹೊರುವ ಲಾರಿಗಳು ಆ ದಾರಿಯನ್ನು ದಾರಿಯಾಗಿ ಉಳಿಸಿರಲಿಲ್ಲ. ಅವನ ಬೂಟಿಗೆ ಸಿಕ್ಕಿದ್ದು ಆ ಊರಿನ ಒಬ್ಬ ಅಜ್ಜಿಯ ಕನ್ನಡಕ.

ಬೇರೆ ಯಾರಾದರೂ ಆಗಿದ್ದರೆ ಕ್ಷಮಿಸಿ ಎನ್ನುತ್ತಿದ್ದರು. ಇವನು ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಮುಂದಿನ ಚಕ್ರವನ್ನು ಗೇಣು ಹಾಕಿ ಅಳೆದ!

"ನಿಮ್ಮ ತಪ್ಪಲ್ಲ ಇದು. ಚಕ್ರ ತೀರಾ ಸಣ್ಣದು. ಗುಂಡಿಗೆ ಇಳಿದರೆ ಮೇಲೆ ಹತ್ತಲ್ಲ, ಅಲ್ಲೇ ಸಿಕ್ಕಿಕೊಂಡು ಬೀಳಿಸುತ್ತೆ. ಈ ರಸ್ತೆಗೆ ದೊಡ್ಡ ಚಕ್ರದ ಗಾಡಿ ಬೇಕು."

ಗಾಯದ ಮೇಲೆ ಬರೆ ಎಳೆದ ಹಾಗಾಯಿತು ಅವಳಿಗೆ. ಕೈ ಮುರಿದಿದೆಯಾ ಎಂದು ಕೇಳುವುದು ಬಿಟ್ಟು ಇವನು ಗಾಡಿಯ ಜಾತಕ ಓದುತ್ತಿದ್ದಾನಲ್ಲ! ಪೇಟೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಅವನು, ಹಳೆ ಗಾಡಿಗಳನ್ನು ಕೊಂಡು ಹೊಸದು ಮಾಡಿ ಮಾರುತ್ತಾನೆ ಎಂದು ತಿಳಿದ ಮೇಲೆ ಸಿಟ್ಟು ಇನ್ನೂ ಏರಿತು. ಬಿದ್ದವಳ ಎದುರಿಗೇ ವ್ಯಾಪಾರ ಶುರು ಮಾಡಿದ ಎಂದುಕೊಂಡಳು.

ಆದರೆ ಮನೆಗೆ ಬಂದು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದಾಗ ಅವಳ ತಲೆಯಲ್ಲಿ ಸುತ್ತಿದ್ದು ಅವನ ಮೂರು ಪದ. ನಿಮ್ಮ ತಪ್ಪಲ್ಲ ಇದು.

ಯಾಕೆಂದರೆ ಉಳಿದವರೆಲ್ಲ ತಪ್ಪು ಅವಳದೇ ಎಂದಿದ್ದರು. ಅಮ್ಮ ಅತ್ತುಕೊಂಡು ಹೇಳಿದಳು. ಕಲ್ಲುದಾರಿ ಸುತ್ತುವ ಕೆಲಸ ಬೇಡ ಎಂದು ಬಡಕೊಂಡೆ, ನನ್ನ ಮಾತು ಯಾರು ಕೇಳಬೇಕು ಎಂದಳು. ಅಂಗಡಿ ಮಾಲೀಕರು ಬೈಯಲಿಲ್ಲ, ಮೃದುವಾಗಿ ಮಾತಾಡಿದರು. ಅದೇ ಹೆಚ್ಚು ಭಯ ಹುಟ್ಟಿಸಿತು. ಮುಂದಿನ ಸುತ್ತನ್ನು ಅವಳು ಪೂರ್ತಿ ಮಾಡಿದರೆ ಸರಿ. ಕ್ವಾರಿಯ ಆಚೆಯ ಊರಿಗೆ ಹೋಗಲು ಆಗದಿದ್ದರೆ ಹಳ್ಳಿಗಳ ಕೆಲಸ ಬೇರೆಯವರಿಗೆ, ಅವಳಿಗೆ ಕೌಂಟರ್.

ಕೌಂಟರ್... ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಅಲ್ಲೇ ಕೂತಿದ್ದಳು. ದಿನವಿಡೀ ಫ್ರೇಮು ಒರೆಸುವುದು, ಬಂದವರಿಗೆಲ್ಲ ನಿಮಗೆ ಇದು ಚೆನ್ನಾಗಿ ಒಪ್ಪುತ್ತದೆ ಎನ್ನುವುದು. ಗಾಜಿನ ಬೀರುವಿನಲ್ಲಿ ತನ್ನನ್ನೂ ಜೋಡಿಸಿಟ್ಟಿದ್ದಾರೆ ಅನ್ನಿಸುತ್ತಿತ್ತು. ಹಳ್ಳಿಯಲ್ಲಿ ಹಾಗಲ್ಲ. ಮೊದಲ ಸಲ ಕನ್ನಡಕ ಹಾಕಿಕೊಂಡವರು ಸುಮ್ಮನೆ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಆಮೇಲೆ ಎದುರಿನ ಮರ ನೋಡುತ್ತಾರೆ. ಆ ಮುಖಗಳನ್ನು ಬಿಟ್ಟು ಹೇಗೆ ಇರುವುದು?

ಕೈ ವಾಸಿಯಾಯಿತು. ಭಯ ವಾಸಿಯಾಗಲಿಲ್ಲ.

ಹಳೆ ಸ್ಕೂಟರನ್ನು ಅವನೇ ತನ್ನ ವರ್ಕ್‌ಶಾಪಿಗೆ ಸಾಗಿಸಿದ್ದ. ತರಲು ಹೋದಾಗ ಅಲ್ಲೊಂದು ದೊಡ್ಡ ಚಕ್ರದ ಸ್ಕೂಟರ್ ನಿಂತಿತ್ತು, ಅರ್ಧ ಬಿಚ್ಚಿದ ಸ್ಥಿತಿಯಲ್ಲಿ. ಬಂತು ನೋಡು ಗಾಳ, ಎಂದುಕೊಂಡಳು ಅವಳು. ಚೆನ್ನಾಗಿದೆಯಾ ಎಂದು ಬೇಕೆಂದೇ ಕೇಳಿದಳು.

ಅವನು ಮೊದಲು ಹೇಳಿದ್ದು ಅದರ ದೋಷಗಳನ್ನು! ಗಾಡಿ ಭಾರ ಇದೆ. ಸೀಟು ಎತ್ತರ, ನಿಮ್ಮ ಕಾಲು ಪೂರ್ತಿ ನೆಲಕ್ಕೆ ತಾಗುವುದಿಲ್ಲ. ಕಾಲಿಡುವ ಜಾಗದಲ್ಲಿ ನಿಮ್ಮ ಪೆಟ್ಟಿಗೆ ಕೂರುವುದಿಲ್ಲ, ಅದಕ್ಕೆ ನಾನೇ ಒಂದು ಕಬ್ಬಿಣದ ಕಟ್ಟು ಮಾಡಿಕೊಡಬೇಕು. ಇಷ್ಟೆಲ್ಲ ಹೇಳಿ, ಕೊನೆಗೆ, ಆದರೆ ಗುಂಡಿಗೆ ಇಳಿದರೆ ಹತ್ತಿ ಬರುತ್ತದೆ ಎಂದ. ಯಾವ ವ್ಯಾಪಾರಿ ಹೀಗೆ ಮಾತಾಡುತ್ತಾನೆ?

ಅಲ್ಲಿಂದ ಅವಳಿಗೆ ವರ್ಕ್‌ಶಾಪಿಗೆ ಹೋಗಲು ಕಾರಣಗಳೇ ಕಾರಣಗಳು. ಕನ್ನಡಿ ಸಡಿಲವಾಗಿದೆ, ಹಾರ್ನ್ ಕೆಮ್ಮುತ್ತಿದೆ, ಬ್ರೇಕು ಕಿರುಚುತ್ತಿದೆ. ಅವನಿಗೂ ಗೊತ್ತು, ಅವಳಿಗೂ ಗೊತ್ತು. ಹಾರ್ನ್ ಒಂದೇ ಅಮಾಯಕ.

ದೊಡ್ಡ ಚಕ್ರದ ಗಾಡಿ ಸಿದ್ಧವಾದ ದಿನ ಅವಳು ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಅದನ್ನು ಓಡಿಸಿ ನೋಡಿದಳು. ಹೆದರಿಕೆಯಲ್ಲಿ ಹ್ಯಾಂಡಲ್ ಹಿಡಿದ ಅಂಗೈ ಬೆವರುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ, ಅವನು ಪಕ್ಕದಲ್ಲಿ ಓಡಿಬರುತ್ತಿದ್ದ. ಒಂದು ಕೈ ಹಿಂದಿನ ಸೀಟಿನ ಹತ್ತಿರ ಚಾಚಿತ್ತು. ಆದರೆ ಗಾಡಿಯನ್ನು ಮುಟ್ಟಿರಲಿಲ್ಲ.

ಹಿಡಿದುಕೊಳ್ಳಲೂ ಇಲ್ಲ, ಕೈ ಬಿಡಲೂ ಇಲ್ಲ... ಅವಳ ಎದೆ ಹೊಡೆದುಕೊಂಡಿತು. ಈ ಸಲ ಅದು ಹೆದರಿಕೆಯಿಂದಲ್ಲ ಎಂದು ಅವಳಿಗೆ ತಿಳಿಯಿತು.

ಗಾಡಿ ಕೊಳ್ಳಲು ಅಮ್ಮ ಒಪ್ಪಿದಳು, ಒಂದು ಷರತ್ತಿನ ಮೇಲೆ. ಆ ಹಾಳು ರಸ್ತೆಗೆ ಅವಳು ಒಬ್ಬಳೇ ಹೋಗಕೂಡದು, ಹಿಂದೆ ಭಾವ ಕೂರಬೇಕು. ಭಾವ ಎಂದರೆ ಅಕ್ಕನ ಗಂಡ. ಒಳ್ಳೆಯ ಮನುಷ್ಯ, ದೊಡ್ಡ ದೇಹ, ಅದಕ್ಕಿಂತ ದೊಡ್ಡ ಬಾಯಿ. ಪ್ರಪಂಚದಲ್ಲಿ ನಡೆಯುವ ಎಲ್ಲದರಲ್ಲೂ ತನ್ನನ್ನು ಸೇರಿಸಿಕೊಂಡೇ ಮಾತಾಡುವ ಚಾಳಿ. ಅಕ್ಕ ಹೆತ್ತಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ನಮಗೆ ಹೆರಿಗೆ ಆಯಿತು ಎಂದು ಎಲ್ಲರಿಗೂ ಫೋನ್ ಮಾಡಿದವನು.

ಗಾಡಿ ತರಲು ಅವನೂ ಬಂದ. ವರ್ಕ್‌ಶಾಪಿನಲ್ಲಿ ಕಾಲಿಟ್ಟವನೇ ಸೀಟು ತಟ್ಟಿದ.

"ನಮ್ಮಿಬ್ಬರಿಗೇ ಕಣಪ್ಪ ಗಾಡಿ. ಇನ್ಮೇಲೆ ಇವಳ ಹಿಂದೆ ದಿನಾ ನಾನೇ ಕೂರೋದು. ಇವಳನ್ನ ಒಬ್ಬಳೇ ಬಿಡೋ ಪ್ರಶ್ನೆಯೇ ಇಲ್ಲ. ಇಬ್ಬರ ಭಾರ ತಡೆಯೋ ಹಾಗೆ ಮಾಡಿಕೊಡು."

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ತನ್ನನ್ನು ಕಾಯಲು ಕಾವಲುಗಾರನನ್ನು ಕರೆದುಕೊಂಡು ಬಂದಳಲ್ಲ ಎಂದು ಮೆಕ್ಯಾನಿಕ್ ನಗುತ್ತಾನೇನೋ! ನಾಚಿಕೆಗೆ ತಲೆ ತಗ್ಗಿಸಿ ಒಂದು ಮಾತೂ ಆಡದೆ ನಿಂತಳು.

ಮೆಕ್ಯಾನಿಕ್ ಭಾವನನ್ನು ನೋಡಿದ. ತಲೆ ತಗ್ಗಿಸಿ ನಿಂತ ಅವಳನ್ನು ನೋಡಿದ. ಸ್ಪ್ಯಾನರ್ ತೆಗೆದುಕೊಂಡು ಗಾಡಿಯ ಹಿಂಭಾಗಕ್ಕೆ ಹೋಗಿ ಕೂತವನು ಬಹಳ ಹೊತ್ತು ಏಳಲೇ ಇಲ್ಲ. ಎದ್ದ ಮೇಲೆ ಕೀಲಿಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

"ಒಳ್ಳೇದಾಗಲಿ, ಮೇಡಂ."

ಮೇಡಂ? ಅವನು ಎಂದೂ ಅವಳನ್ನು ಮೇಡಂ ಎಂದಿರಲಿಲ್ಲ.

ಅದಾದ ಮೇಲೆ ಅವಳು ಎರಡು ಸಲ ಏನೋ ನೆಪ ಮಾಡಿಕೊಂಡು ಹೋದಳು. ಅವನು ಕತ್ತೆತ್ತಲಿಲ್ಲ. ಕೇಳಿದ್ದಕ್ಕೆಲ್ಲ ಸರಿ ಮೇಡಂ, ಆಗಲಿ ಮೇಡಂ. ನಾನೇನು ಮಾಡಿದೆ? ಗಾಡಿ ಮಾರಿಯಾಯಿತು, ಇನ್ನು ಮಾತೇಕೆ ಎಂದೇ? ಹಾಗಾದರೆ ಆ ಬಯಲಿನಲ್ಲಿ ಪಕ್ಕದಲ್ಲಿ ಓಡಿಬಂದದ್ದು ಏನು? ಊಟ ಸೇರಲಿಲ್ಲ ಅವಳಿಗೆ.

ಇದರ ಜೊತೆಗೆ ಗಾಡಿಯ ಗೋಳು.

ಭಾವ ಹಿಂದೆ ಕೂತು ಡಾಂಬರು ರಸ್ತೆಯ ತುದಿಯವರೆಗೆ ಬರುತ್ತಿದ್ದ. ಅಲ್ಲಿಯವರೆಗೆ ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು, ಹಳ್ಳ ಬಂದರೂ ಗೊತ್ತಾಗುತ್ತಿರಲಿಲ್ಲ. ಆದರೆ ಮೊದಲನೆಯ ದಿನವೇ ಕಲ್ಲುದಾರಿ ನೋಡಿದ ಭಾವ, ನಮ್ಮ ಸೊಂಟಕ್ಕೆ ಇದು ಆಗಿಬರುವುದಿಲ್ಲ ಎಂದು ಇಳಿದುಬಿಟ್ಟ. ಅಲ್ಲಿನ ಟೀ ಅಂಗಡಿಯಲ್ಲಿ ಪೇಪರ್ ಓದುತ್ತ ಕೂರುತ್ತೇನೆ, ನೀನು ಹೋಗಿ ಬಾ, ಅಮ್ಮನಿಗೆ ಹೇಳಬೇಡ ಎಂದ.

ಅವನು ಇಳಿದದ್ದೇ ತಡ, ಅದೇ ಗಾಡಿ ಕತ್ತೆಯ ಹಾಗೆ ಒದೆಯಲು ಶುರು ಮಾಡುತ್ತಿತ್ತು. ಪ್ರತಿ ಕಲ್ಲಿಗೂ ಹಿಂದಿನ ಚಕ್ರ ನೆಲ ಬಿಟ್ಟು ಹಾರುವುದು, ಪೆಟ್ಟಿಗೆಯಲ್ಲಿ ಗಾಜುಗಳು ಕಟಕಟ ಎನ್ನುವುದು. ಹತ್ತಿರದ ಹಳ್ಳಿಗಳಿಗೆ ಹಲ್ಲು ಕಚ್ಚಿಕೊಂಡು ಹೋಗಿಬಂದಳು. ಕ್ವಾರಿಯ ತಿರುವು ಕಂಡರೆ ಮಾತ್ರ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಹಿಂದಿರುಗುತ್ತಿದ್ದಳು.

ಅವಳು ತನಗೆ ತಾನೇ ಒಂದು ತೀರ್ಪು ಕೊಟ್ಟುಕೊಂಡಳು. ಗಾಡಿ ಸರಿಯಾಗಿದೆ. ಹಿಂದೆ ಒಬ್ಬರು ಕೂತಿದ್ದರೆ ಸರಿಯಾಗಿ ಓಡಿಸುತ್ತೇನೆ. ಒಬ್ಬಳೇ ಆದರೆ ಹೆದರಿ ಹ್ಯಾಂಡಲ್ ಅಲುಗಾಡಿಸುತ್ತೇನೆ. ಅಮ್ಮ ಹೇಳಿದ್ದೇ ನಿಜ, ನನ್ನ ಕೈಲಿ ಒಂಟಿಯಾಗಿ ಏನೂ ಆಗುವುದಿಲ್ಲ... ಭಾವ ಕೂಡ ಮನೆಯಲ್ಲಿ, ನಮಗೆ ಇನ್ನೂ ಧೈರ್ಯ ಸಾಲದು ಎಂದು ಹೇಳಿಬಿಟ್ಟಿದ್ದ.

ಸುತ್ತಿನ ಕೊನೆಯ ದಿನ ಬಂತು. ಉಳಿದದ್ದು ಒಂದೇ ಊರು. ಅಜ್ಜಿಗೆ ಮಾಡಿಸಿದ ಹೊಸ ಕನ್ನಡಕ ಪೆಟ್ಟಿಗೆಯಲ್ಲಿತ್ತು. ಇವತ್ತು ಹೋಗದಿದ್ದರೆ ನಾಳೆಯಿಂದ ಕೌಂಟರ್.

ತಿರುವಿನಲ್ಲಿ ಹಿಂದಿನ ಚಕ್ರ ಜಲ್ಲಿಯ ಮೇಲೆ ಹಾರಿತು, ಪಕ್ಕಕ್ಕೆ ಜಾರಿತು. ಹೇಗೋ ಕಾಲು ಊರಿ ನಿಂತಳು. ಬೀಳಲಿಲ್ಲ. ಆದರೆ ಮುಂದೆ ಹೋಗಲು ಕೈ ಕೇಳಲಿಲ್ಲ. ಗಾಡಿ ತಿರುಗಿಸಿದಳು. ಟೀ ಅಂಗಡಿಯಲ್ಲಿ ಪೇಪರಿನ ಹಿಂದಿದ್ದ ಭಾವನಿಗೆ ಅವಳು ಹಾದುಹೋದದ್ದೂ ತಿಳಿಯಲಿಲ್ಲ.

ನೇರ ವರ್ಕ್‌ಶಾಪಿಗೆ ಬಂದು ಕೀಲಿಯನ್ನು ಅವನ ಮುಂದೆ ಹಿಡಿದಳು.

"ಗಾಡಿ ವಾಪಸ್ ತಗೊಳ್ಳಿ."

ಅವನು ಗಾಬರಿಯಿಂದ ಎದ್ದ. "ಯಾಕೆ, ಏನಾಯ್ತು?"

"ಗಾಡಿಗೆ ಏನೂ ಆಗಿಲ್ಲ. ನನಗೇ ಬರಲ್ಲ. ಹಿಂದೆ ಜನ ಇದ್ದರೆ ಚೆನ್ನಾಗಿ ಓಡುತ್ತೆ, ಒಬ್ಬಳೇ ಇದ್ದರೆ ಕುಣಿಯುತ್ತೆ. ನಾಳೆಯಿಂದ ನಾನು ಅಂಗಡಿಯಲ್ಲೇ ಕೂರ್ತೀನಿ. ನನಗೆ ಇಂಥ ಗಾಡಿ ಯಾಕೆ?"

ಕಣ್ಣೀರು ಒರೆಸಿಕೊಳ್ಳಲು ಅವಳು ಮುಖ ತಿರುಗಿಸಿದಳು. ಆದ್ದರಿಂದ ಅವನ ಮುಖದ ಬಣ್ಣ ಬದಲಾದದ್ದು ಅವಳಿಗೆ ಕಾಣಲಿಲ್ಲ.

"ಒಬ್ಬರೇನಾ? ಆ ರಸ್ತೆಗೆ ಒಬ್ಬರೇ ಹೋಗ್ತಿದೀರಾ? ಮತ್ತೆ... ನಿಮ್ಮ ಯಜಮಾನರು?"

"ಯಾವ ಯಜಮಾನರು?"

"ಅವತ್ತು ಜೊತೆಗೆ ಬಂದಿದ್ರಲ್ಲ. ದಿನಾ ಹಿಂದೆ ಕೂರೋದು ನಾನೇ ಅಂತ..."

"ಅವರು ನಮ್ಮ ಅಕ್ಕನ ಗಂಡ!"

ಅವನು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತ. ತಲೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದ.

ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಕೂರುವವರ ಭಾರಕ್ಕೆ ತಕ್ಕಂತೆ ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಅವಳೊಬ್ಬಳಿಗೆ ಎಂದು ಅವನು ಮೊದಲು ಸಡಿಲವಾಗಿಯೇ ಇಟ್ಟಿದ್ದ. ಬಯಲಿನಲ್ಲಿ ಅವಳು ಓಡಿಸಿ ನೋಡಿದ್ದು ಹಾಗೆಯೇ. ಆದರೆ ಆ ದಿನ ಭಾವನ ಮಾತು ಕೇಳಿ, ಭಾವನ ಗಾತ್ರ ನೋಡಿ, ಸ್ಪ್ರಿಂಗನ್ನು ಕೊನೆಯವರೆಗೆ ಬಿಗಿ ಮಾಡಿದ್ದ. ಟೈರಿಗೂ ಅದೇ ಲೆಕ್ಕದಲ್ಲಿ ಗಾಳಿ ತುಂಬಿದ್ದ. ಭಾರದವರು ಕೂತರೆ ಅದು ಮೆತ್ತಗೆ ಓಡುತ್ತದೆ. ಹಗುರದವಳು ಒಬ್ಬಳೇ ಕೂತರೆ ಸ್ಪ್ರಿಂಗ್ ತಗ್ಗುವುದೇ ಇಲ್ಲ, ಪ್ರತಿ ಕಲ್ಲಿಗೂ ಎತ್ತಿ ಒಗೆಯುತ್ತದೆ.

"ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ. ನಾನು ಮಾಡಿದ್ದು," ಎಂದ.

ಅವಳಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಇಷ್ಟು ದಿನ! ಇಷ್ಟು ದಿನ ಅವಳು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಹೇಡಿ ಎಂದು ಬೈದುಕೊಂಡಿದ್ದಳು.

"ಹಿಂದೆ ಯಾರು ಕೂರ್ತಾರೆ, ಎಲ್ಲಿವರೆಗೆ ಕೂರ್ತಾರೆ ಅಂತ ನನ್ನ ಒಂದು ಮಾತು ಕೇಳಬಾರದಿತ್ತಾ? ಎಲ್ಲ ಗಿರಾಕಿಗಳನ್ನೂ ಕೇಳ್ತೀರಿ."

"ಕೇಳ್ತೀನಿ. ನಿಮ್ಮನ್ನ ಕೇಳೋಕೆ ಧೈರ್ಯ ಬರಲಿಲ್ಲ."

"ಗಾಡಿ ವಿಷಯ ಕೇಳೋಕೆ ಎಂಥ ಧೈರ್ಯ?"

"ಗಾಡಿ ವಿಷಯ ಅಲ್ಲ ಅದು."

ಅವಳಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಈಗಲೇ ಬಾಯಿಗೆ ತಂದರೆ ತಾನು ಇಲ್ಲೇ ಕೂತುಬಿಡುತ್ತೇನೆ, ಅಜ್ಜಿಯ ಕನ್ನಡಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂದೂ ಅನ್ನಿಸಿತು.

"ಮೊದಲು ಅದನ್ನ ಸರಿ ಮಾಡಿ," ಎಂದಳು. "ಇನ್ನೂ ಹೊತ್ತು ಮುಳುಗಿಲ್ಲ."

ಅವನು ಸ್ಪ್ರಿಂಗ್ ಸಡಿಲಿಸಿದ. ಟೈರಿನ ಗಾಳಿ ಇಳಿಸಿದ. ಅವಳನ್ನು ಪೆಟ್ಟಿಗೆ ಸಮೇತ ಕೂರಿಸಿ, ಹಿಂಭಾಗ ಎಷ್ಟು ತಗ್ಗುತ್ತದೆ ಎಂದು ನೋಡಿದ, ಮತ್ತೆ ಸಡಿಲಿಸಿದ. ಎದ್ದು ನಿಂತಾಗ ಅವನ ತುಟಿಯ ತುದಿಗೆ ಒಂದು ಮಾತು ಬಂದದ್ದನ್ನು ಅವಳು ಕಂಡಳು. ನಾನೂ ಬರುತ್ತೇನೆ ಎನ್ನುತ್ತಾನೆ... ದಯವಿಟ್ಟು ಅನ್ನಬೇಡ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನೀನೂ ಹಾಗಂದರೆ ನಾನು ಹೂಂ ಅಂದುಬಿಡುತ್ತೇನೆ. ಒಬ್ಬಳಿಂದ ಆಗುತ್ತದಾ ಇಲ್ಲವಾ ಎಂದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ.

ಅವನು ಆ ಮಾತು ನುಂಗಿಕೊಂಡ.

"ಹೋಗಿ ಬನ್ನಿ," ಎಂದ.

ಕಥೆಗಳಲ್ಲಿ ಇಂಥ ಕಡೆ ಭಯ ಮಾಯವಾಗುತ್ತದೆ. ಅವಳದ್ದು ಆಗಲಿಲ್ಲ. ಡಾಂಬರು ಮುಗಿದ ಕೂಡಲೇ ಅಂಗೈ ಬೆವರಿತು. ಸ್ಪ್ರಿಂಗ್ ಸಾಕಷ್ಟು ಸಡಿಲವಾಗಿದೆಯೇ? ಅವನು ಹೇಳಿದ್ದು ನನ್ನ ಸಮಾಧಾನಕ್ಕಿರಬಹುದೇ? ನಿಜವಾಗಿ ತಪ್ಪು ನನ್ನದೇ ಇದ್ದರೆ?

ಮೊದಲ ಗುಂಡಿ ಬಂತು. ಗಾಡಿ ಇಳಿಯಿತು, ಮೈಯನ್ನು ಸ್ವಲ್ಪ ಕೆಳಕ್ಕೆ ತೆಗೆದುಕೊಂಡಿತು, ಮೆಲ್ಲನೆ ಹತ್ತಿತು. ಒದೆಯಲಿಲ್ಲ. ಎರಡನೆಯದಕ್ಕೂ ಒದೆಯಲಿಲ್ಲ. ಪೆಟ್ಟಿಗೆಯಲ್ಲಿ ಸದ್ದಿಲ್ಲ.

ತಿರುವಿನಲ್ಲಿ ಎದುರಿಗೆ ಕಲ್ಲಿನ ಲಾರಿ! ಅದಕ್ಕೆ ದಾರಿ ಬಿಡಲು ಅಂಚಿನ ಜಲ್ಲಿಗೇ ಇಳಿಯಬೇಕಾಯಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ಅಮ್ಮಾ ಎಂದಳೋ, ಏನೆಂದಳೋ ಅವಳಿಗೆ ನೆನಪಿಲ್ಲ. ಚಕ್ರ ಜಲ್ಲಿಯಲ್ಲಿ ಅರೆಗಳಿಗೆ ಅತ್ತಿತ್ತ ಆಡಿ, ಹಿಡಿತ ಕಂಡುಕೊಂಡು ಮುಂದೆ ಸಾಗಿತು. ಧೂಳು ಅಡಗಿದಾಗ ತಿರುವು ಹಿಂದೆ ಉಳಿದಿತ್ತು, ಎದುರಿಗೆ ಊರಿನ ಮೊದಲ ಮನೆ ಕಾಣುತ್ತಿತ್ತು. ಗಾಡಿ ನಿಲ್ಲಿಸಿ ಅವಳು ಜೋರಾಗಿ ಅತ್ತಳು. ಅತ್ತು ಮುಗಿಸಿ, ಮುಖ ಒರೆಸಿಕೊಂಡು, ಊರೊಳಗೆ ಹೋದಳು.

ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಇವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೇನಾ ಅದು? ದನಿ ಕೇಳಿ ದೊಡ್ಡ ಹೆಂಗಸು ಅಂದ್ಕೊಂಡಿದ್ದೆ. ಒಬ್ಬಳೇ ಬಂದ್ಯಾ ತಾಯಿ?"

"ಹೂಂ ಅಜ್ಜಿ, ಒಬ್ಬಳೇ." ಕೇಳದಿದ್ದರೂ ಇನ್ನೊಂದು ಸಲ ಹೇಳಿದಳು. "ಒಬ್ಬಳೇ ಬಂದೆ."

ಹಿಂದಿರುಗುವಾಗ ಟೀ ಅಂಗಡಿಯ ಮುಂದೆ ನಿಂತು, ನಾಳೆಯಿಂದ ನೀವು ಬರುವುದು ಬೇಡ ಎಂದು ಭಾವನಿಗೆ ಹೇಳಿದಳು. ಪೇಪರ್ ಮಡಿಸಿದ ಭಾವನ ಮುಖ ಅರಳಿತು. ಅಂತೂ ನಮಗೆ ಧೈರ್ಯ ಬಂತು ಅನ್ನು, ಎಂದು ಹಿಂದೆ ಹತ್ತಿ ಕೂತ. ಗಾಡಿ ನೆಲಕ್ಕೆ ತಾಗುವಷ್ಟು ತಗ್ಗಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಅವನನ್ನು ಮನೆಯ ಮುಂದೆ ಇಳಿಸಿ ಅವಳು ವರ್ಕ್‌ಶಾಪಿಗೆ ಹೋದಳು. ಬಾಗಿಲಲ್ಲೇ ಮೆಕ್ಯಾನಿಕ್ ನಿಂತಿದ್ದ. ಅವಳು ಇಳಿಯುತ್ತಿದ್ದಂತೆ ಅವಳ ಕೈ ನೋಡಿದ, ಮೊಣಕೈ ನೋಡಿದ, ಗಾಡಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಬಿದ್ದಿಲ್ಲ," ಎಂದಳು ಅವಳು. "ಕೊಟ್ಟು ಬಂದೆ."

ಅವನು ತಡೆದಿಟ್ಟ ಉಸಿರು ಬಿಟ್ಟ. ಅವಳು ಹೋದ ಮೇಲೆ ಒಂದು ಗಾಡಿ ಬಿಚ್ಚಿದ್ದನಂತೆ, ಮತ್ತೆ ಜೋಡಿಸಲು ಕೈ ಬರಲಿಲ್ಲವಂತೆ. ಹಿಂದೆಯೇ ಬರಲು ಕೀಲಿ ತೆಗೆದುಕೊಂಡಿದ್ದನಂತೆ, ಮತ್ತೆ ಇಟ್ಟನಂತೆ. ಯಾಕೆ ಬರಲಿಲ್ಲ ಎಂದು ಅವಳು ಕೇಳಿದಳು.

"ನಾನು ಬಂದಿದ್ರೆ, ಹಿಂದೆ ಯಾರೋ ಇದ್ದರು, ಅದಕ್ಕೇ ಆಯ್ತು ಅಂದ್ಕೊಳ್ತಿದ್ರಿ."

ಹೆತ್ತ ಅಮ್ಮನಿಗೂ ಹೇಳಲಾಗದಿದ್ದದ್ದು ಇವನಿಗೆ ಹೇಳದೆಯೇ ತಿಳಿದಿತ್ತು.

"ಅವತ್ತು ಸ್ಪ್ರಿಂಗ್ ಬಿಗಿ ಮಾಡುವಾಗ," ಎಂದ ಅವನು, ನೆಲ ನೋಡುತ್ತ, "ನನ್ನ ಕೈಯಾರೆ ಇನ್ನೊಬ್ಬನಿಗೆ ಜಾಗ ಮಾಡಿಕೊಡ್ತಿದೀನಿ ಅನ್ನಿಸ್ತು. ಅದಕ್ಕೇ ಮುಖ ಎತ್ತಿ ಮಾತಾಡೋಕೆ ಆಗಲಿಲ್ಲ. ನೀವಂದ್ರೆ ನನಗೆ ತುಂಬ ಇಷ್ಟ. ತಪ್ಪಾಗಿದ್ರೆ ಹೇಳಿ, ಇನ್ನು ಮೇಲೆ ಬರೀ ಗಾಡಿ ವಿಷಯ ಮಾತಾಡ್ತೀನಿ."

"ಮೇಡಂ ಅಂದ್ರಲ್ಲ, ಅದು ತಪ್ಪು," ಎಂದಳು ಅವಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. "ಮಿಕ್ಕಿದ್ದೆಲ್ಲ ಸರಿ."

ಅವನು ಈಗ ತಲೆಯೆತ್ತಿದ.

"ಮುಂದಿನ ಸುತ್ತಲ್ಲಿ ಮತ್ತೆ ಆ ಊರಿಗೆ ಹೋಗ್ಬೇಕು," ಎಂದಳು. "ನನಗೆ ಒಬ್ಬಳೇ ಹೋಗೋಕೆ ಬರುತ್ತೆ."

"ಗೊತ್ತು."

"ಅದಕ್ಕೇ ಕೇಳ್ತಿದೀನಿ. ಜೊತೆಗೆ ಬರ್ತೀರಾ?"

ಅವನು ಹೂಂ ಎಂದು ತಲೆಯಾಡಿಸಿದ. ಆಮೇಲೆ ಸ್ವಲ್ಪ ಸಂಕೋಚದಿಂದ ತಲೆ ಕೆರೆದುಕೊಂಡ.

"ಬರ್ತೀನಿ. ಆದರೆ ಬೇರೆಯವರು ಓಡಿಸುವಾಗ ಹಿಂದೆ ಕೂರೋಕೆ ನನಗೆ ಮೊದಲಿಂದಲೂ ಭಯ."

ಅವಳು ಅವನ ಎಣ್ಣೆಮಸಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು. "ಬೀಳಿಸಲ್ಲ."